ಬೂದಿಗೆರೆ ದಾಟಿದ ಸಿಂಗವ್ವ

ಏಳು ಬೆಟ್ಟಗಳ ಆಚೆ, ನಿಮ್ಮಜ್ಜನ ಅಜ್ಜನೂ ಹುಟ್ಟಿರದ ಕಾಲದಲ್ಲಿ, ಕೆಂಗಲ್ಲು ಎಂಬ ರಾಜ್ಯವಿತ್ತು. ಆ ರಾಜ್ಯದ ಮೇಲೆ ರೆಕ್ಕೆಯ ತೋಳಗಳು ಎರಗುತ್ತಿದ್ದವು. ಆಗಿನ ರಾಜ ಮನೆಗೊಂದು ಕೋವಿ ಕೊಟ್ಟ. ಜನ ತೋಳಗಳನ್ನು ಅಟ್ಟಿದರು. ತೋಳಗಳು ಹೋದವು, ಕೋವಿಗಳು ಉಳಿದವು.

ಉಳಿದದ್ದಷ್ಟೇ ಅಲ್ಲ, ಮೆರೆದವು. ಪಡಸಾಲೆಯ ಗೋಡೆಗೆ ಮದ್ದು ತುಂಬಿದ ಕೋವಿ ತೂಗುಹಾಕುವುದು ಕೆಂಗಲ್ಲಿನವರ ಮರ್ಯಾದೆ. ಅದಕ್ಕೆ ದಿನವೂ ಹೂವು. ಬಂದ ನೆಂಟರು ಮೊದಲು ಕೋವಿಯ ಕ್ಷೇಮ ಕೇಳಬೇಕು, ಆಮೇಲೆ ಮನೆಯವರದು. ಮದ್ದಿಲ್ಲದ ಕೋವಿ ತೂಗುಹಾಕಿದವನ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ.

ಇನ್ನೊಂದು ಪದ್ಧತಿಯೂ ಇತ್ತು. ಯಾರಾದರೂ ದುಃಖ ಹೆಚ್ಚಾಗಿ, ನಿದ್ದೆ ಊಟ ಬಿಟ್ಟು ಕೂತರೆ ‘ಮಂಜು ಕವಿದಿದೆ’ ಎನ್ನುತ್ತಿದ್ದರು. ಮಂಜು ಅಂಟುತ್ತದೆಂದು ಎಲ್ಲರಿಗೂ ಭಯ. ಅವನನ್ನು ಪಡಸಾಲೆಯಲ್ಲಿ ಬಿಟ್ಟು, ಬಾಗಿಲಿಗೆ ಬೂದಿಯ ಗೆರೆ ಎಳೆದು, ಮನೆಯವರು ಹಿತ್ತಲ ಕೋಣೆಗೆ ಸರಿಯುತ್ತಿದ್ದರು. ಗೆರೆಯಾಚೆಯವನನ್ನು ಹೆಸರು ಹಿಡಿದು ಕರೆಯುವಂತಿಲ್ಲ, ಏನಾಗಿದೆ ಎಂದು ಕೇಳುವಂತಿಲ್ಲ. ಅನ್ನದ ತಟ್ಟೆ ತಳ್ಳಿದರೆ ಮುಗಿಯಿತು. ಕೆಟ್ಟ ಮನಸ್ಸಿನಿಂದಲ್ಲ, ಹಾಗೆ ಬಿಟ್ಟರೆ ತಾನಾಗಿಯೇ ಸರಿಹೋಗುತ್ತಾನೆ ಎಂದು ನಂಬಿದ್ದರು. ನೋಡಿ ಇವರ ಜಾಣತನ! ಮನುಷ್ಯರೆಲ್ಲ ಹಿತ್ತಲಿಗೆ, ದುಃಖದವನೂ ಕೋವಿಯೂ ಪಡಸಾಲೆಯಲ್ಲಿ.

ಇದನ್ನೇ ಕಾಯುತ್ತಿದ್ದವನು ಮಂಜುಮಾರ. ಹೊಳೆಯ ಮೇಲಿನ ಮಬ್ಬಿನಲ್ಲಿ ವಾಸವಾಗಿದ್ದ ಮಾಯಾವಿ. ಬೂದಿಗೆರೆ ಬಿದ್ದ ಮನೆಗೆ ಅವನು ಒಂದು ಬೂದುಬಣ್ಣದ ಕಾಗೆಯನ್ನು ಕಳಿಸುತ್ತಿದ್ದ. ಅದು ಕಿಟಕಿಯಲ್ಲಿ ಕೂತು ಒಳಗಿದ್ದವನ ಜೊತೆ ಅವನದೇ ದನಿಯಲ್ಲಿ ಮಾತಾಡುತ್ತಿತ್ತು. ಗೋಡೆಯ ಕೋವಿಯ ನಳಿಗೆಯಲ್ಲಿ, ಬಹಳ ಕಾಲ ಕೂತ ಮದ್ದಿನಿಂದ, ಒಂದು ಬೆಂಕಿಹಾವು ಹುಟ್ಟಿರುತ್ತಿತ್ತು. ಕಾಗೆ ಮೂರು ಬಾರಿ ಮಾತಾಡಿದರೆ ಹಾವು ಎದ್ದು ಕೂರುತ್ತಿತ್ತು. ಮಂಜು ಕವಿದವರೆಲ್ಲ ಕೋವಿಗೆ ಕೈ ಹಾಕುತ್ತಿರಲಿಲ್ಲ. ಹೆಚ್ಚಿನವರು ಯಾರಿಗೂ ಕೇಡು ಮಾಡದೆ ತಮ್ಮಷ್ಟಕ್ಕೆ ಸೊರಗುತ್ತಿದ್ದರು. ಆದರೆ ಮಂಜುಮಾರನಿಗೆ ಒಬ್ಬ ಸಿಕ್ಕರೆ ಸಾಕಿತ್ತು.

ಹೋದ ವರ್ಷ ಅರಮನೆಯ ಸುಗ್ಗಿಯೂಟಕ್ಕೆ ನೇಕಾರರ ಸಣ್ಣಮ್ಮನ ಮಗ ಕೋವಿ ಹಿಡಿದು ಬಂದ. ಎಲೆಯ ಮುಂದೆ ಕೂತಿದ್ದವರು ಎಲೆಯ ಮೇಲೆಯೇ ಒರಗಿದರು. ಅವನೂ ಉಳಿಯಲಿಲ್ಲ. ಊರು ಅತ್ತಿತು, ಮಂಜುಮಾರನಿಗೆ ಶಾಪ ಹಾಕಿತು, ಆಮೇಲೆ ಇನ್ನೂ ಉದ್ದನೆಯ ಕೋವಿಗಳನ್ನು ಮಾಡಿಸಿಕೊಂಡಿತು.

ಈ ವರ್ಷದ ಸುಗ್ಗಿಯೂಟಕ್ಕೆ ಒಂದೇ ದಿನ ಉಳಿದಿತ್ತು. ದ್ಯಾವಪ್ಪನ ಮನೆಯ ಬಾಗಿಲಲ್ಲಿ ಬೂದಿಗೆರೆ ಬಿದ್ದಿತ್ತು.

ಗೆರೆಯಾಚೆ ಇದ್ದವನು ದ್ಯಾವಪ್ಪನ ಮಗ ಕೆಂಚಣ್ಣ. ಹೊಳೆಯಲ್ಲಿ ಹರಿಗೋಲು ನಡೆಸುವವನು. ಮಳೆಗಾಲದ ಒಂದು ಸಂಜೆ ಹರಿಗೋಲು ಮಗುಚಿ, ಅವನ ಜೀವದ ಗೆಳೆಯ ಈರೋಜ ಕಣ್ಣೆದುರೇ ಮುಳುಗಿಹೋಗಿದ್ದ. ಅಂದಿನಿಂದ ಕೆಂಚಣ್ಣ ಹೊಳೆಯ ಕಡೆ ತಿರುಗಿಯೂ ನೋಡಿರಲಿಲ್ಲ.

ಮಧ್ಯಾಹ್ನ ತಟ್ಟೆ ತಳ್ಳಲು ಬಂದ ತಂಗಿ ಸಿಂಗವ್ವನಿಗೆ ಒಳಗಿನಿಂದ ಅಣ್ಣನ ದನಿ ಕೇಳಿತು. ಬಗ್ಗಿ ನೋಡಿದಳು. ಅಣ್ಣನ ಬಾಯಿ ಮುಚ್ಚಿತ್ತು. ಮಾತಾಡುತ್ತಿದ್ದುದು ಕಿಟಕಿಯ ಕಾಗೆ.

“ಈರೋಜನ್ನ ಕೊಂದೋನು ನಾನೇ. ಊರೆಲ್ಲ ಮನಸ್ಸಲ್ಲಿ ಅದೇ ಅಂತಿದೆ. ನಾಳೆ ಎಲ್ಲರೂ ಒಂದೇ ಕಡೆ ಸೇರ್ತಾರೆ.”

ಕೋವಿಯ ನಳಿಗೆಯಿಂದ ಕೆಂಪು ನಾಲಿಗೆಯೊಂದು ಹೊರಬಂದು ಒಳಗೆ ಹೋಯಿತು. ಸಿಂಗವ್ವ ತಟ್ಟೆಯನ್ನು ಅಲ್ಲೇ ಬಿಟ್ಟಳು. ಅವಳು ಸಣ್ಣಮ್ಮನ ಮನೆಗೆ ಓಡಿದಳು. ಆ ತಾಯಿಯ ಜೊತೆ ಒಂದು ವರ್ಷದಿಂದ ಯಾರೂ ಮಾತಾಡಿರಲಿಲ್ಲ.

“ನನ್ನ ಮಗನ ದನೀನೂ ಮೂರು ಸಲ ಕೇಳಿಸ್ತು ತಾಯಿ,” ಎಂದಳು ಸಣ್ಣಮ್ಮ. “ತಾನೇ ಗೊಣಗ್ತಾನೆ ಅಂತ ಸುಮ್ಮನಿದ್ದೆ. ಹೊಳೆಯಾಚೆ ಮುದ್ದವ್ವ ಅಂತ ಇದಾಳೆ, ಮಂಜಿಗೆ ಔಷಧಿ ಕೊಡೋಳು. ಜನ ಏನಂತಾರೋ ಅಂತ ಕರ್ಕೊಂಡು ಹೋಗ್ಲಿಲ್ಲ. ನೀನು ಹೋಗು. ಮೊದಲು ಕೋವಿ ತೆಗೆಸು. ಮದ್ದು ತುಂಬಿದ ಕೈಗೆ ಮಾತ್ರ ಆ ಹಾವು ಬಗ್ಗೋದು.”

ಸಿಂಗವ್ವ ಹಿತ್ತಲಿಗೆ ಬಂದು ಅಪ್ಪನ ಮುಂದೆ ನಿಂತಳು.

“ಅಪ್ಪಾ, ಕೋವಿಯಿಂದ ಮದ್ದು ತೆಗಿ.”

“ಸುಗ್ಗಿ ಹಿಂದಿನ ದಿನವಾ? ಊರಿಗೆ ಹೆಂಗವ್ವ ಮುಖ ತೋರಿಸ್ಲಿ? ನಿಮ್ಮಜ್ಜನ ಕೋವಿ ಅದು.”

“ಮದ್ದು ತುಂಬಿದ್ದೂ ಅಜ್ಜನೇನಾ?”

ದ್ಯಾವಪ್ಪ ನೆಲ ನೋಡಿದ. “ನಾನು.”

“ಹಂಗಾದ್ರೆ ತೆಗೀಬೇಕಾದೋನೂ ನೀನೇ. ಸಣ್ಣಮ್ಮನ ಮನೆ ಕೋವೀನೂ ಅವರಜ್ಜಂದೇ ಆಗಿತ್ತು ಅಪ್ಪಾ.”

ದ್ಯಾವಪ್ಪ ಎದ್ದ. ಗೆರೆಯ ಹತ್ತಿರ ಅವನ ಕಾಲು ತಡೆಯಿತು. ಹುಟ್ಟಿದಾಗಿನಿಂದ ಅವನು ಬೂದಿ ತುಳಿದವನಲ್ಲ. ಕಣ್ಣು ಮುಚ್ಚಿ ದಾಟಿದ. ಕಾಗೆ ಎರಡನೆಯ ಬಾರಿ ಬಾಯಿ ತೆರೆಯಿತು. ಕೆಂಚಣ್ಣ ಎದ್ದು ನಿಂತು ಕೋವಿಯ ಕಡೆ ನಡೆದ. ದ್ಯಾವಪ್ಪ ಹಾರಿ ಅದನ್ನು ಗೋಡೆಯಿಂದ ಎಳೆದುಕೊಂಡ. ಹಾವು ನಳಿಗೆಯಿಂದ ಹೊರಬಂದು ಅವನ ಮುಂಗೈಗೆ ಸುತ್ತಿಕೊಂಡಿತು. ಚರ್ಮ ಸುಟ್ಟಿತು. ಅವನು ಬಿಡಲಿಲ್ಲ. ಹಿತ್ತಲಿಗೆ ಓಡಿ ನೀರಿನ ಹಂಡೆಯಲ್ಲಿ ಕೈಯನ್ನೂ ಹಾವನ್ನೂ ಒಟ್ಟಿಗೆ ಮುಳುಗಿಸಿದ. ಹಾವು ಬುಸ್ಸೆಂದು ಕರಗಿ ಕಪ್ಪು ನೀರಾಯಿತು. ಬರಿದಾದ ಕೋವಿಯನ್ನು ದ್ಯಾವಪ್ಪ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ.

ಪಡಸಾಲೆಯಲ್ಲಿ ಕೆಂಚಣ್ಣ ಬರಿ ಗೋಡೆಯನ್ನೇ ನೋಡುತ್ತ ನಿಂತಿದ್ದ. ಕಾಗೆ ಇನ್ನೂ ಕಿಟಕಿಯಲ್ಲೇ ಇತ್ತು. ಕೋವಿ ಹೋದರೇನು, ಮಾತು ಹೋಗಿರಲಿಲ್ಲ. ಸಿಂಗವ್ವ ಬೂದಿ ತುಳಿದು ಒಳಗೆ ಬಂದಳು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಗುತ್ತದೆ ಎಂದು ಕೆಂಗಲ್ಲಿನ ಹಿರಿಯರು ಯಾವ ಪ್ರಶ್ನೆಯನ್ನು ಕೇಳಗೊಡುತ್ತಿರಲಿಲ್ಲವೋ, ಅದನ್ನೇ ಕೇಳಿದಳು.

“ಕೆಂಚಣ್ಣಾ, ಸಾಯ್ಬೇಕು ಅನ್ನಿಸ್ತಿದೆಯಾ? ಯಾರನ್ನಾದ್ರೂ ಸಾಯಿಸ್ಬೇಕು ಅನ್ನಿಸ್ತಿದೆಯಾ?”

ಕೇಳಿದ ಮೇಲೆ ಅವಳಿಗೆ ಹಿಂದಕ್ಕೆ ಸರಿಯಬೇಕೆನಿಸಿತು, ಸರಿಯಲಿಲ್ಲ.

“ಎರಡೂ,” ಎಂದ ಕೆಂಚಣ್ಣ. ತಿಂಗಳುಗಳ ಮೇಲೆ ಅವನ ಸ್ವಂತ ದನಿ. “ಅವನು ಕೈ ಚಾಚಿದ್ದ ಸಿಂಗಿ. ನಾನು ಹುಟ್ಟು ಚಾಚಿದೆ. ಎಟುಕಲಿಲ್ಲ.”

ಹೇಳಿ ಮಗುವಿನಂತೆ ಅತ್ತ. ಸಿಂಗವ್ವನೂ ಅತ್ತಳು. ಕಾಗೆ ಏನೋ ಹೇಳಲು ಹೋಯಿತು. ಕಾ ಎಂದಷ್ಟೇ ಬಂತು. ಕದ್ದ ದನಿ ಅದರ ಒಡೆಯನಿಗೆ ಮರಳಿತ್ತು. ಅದು ರೆಕ್ಕೆ ಬಡಿದು ಹೊಳೆಯ ಕಡೆ ಹಾರಿತು.

ಸಂಜೆಯೊಳಗೆ ಹೊಳೆ ದಾಟಬೇಕಿತ್ತು. ಸಿಂಗವ್ವ ಅಣ್ಣನ ಕೈ ಹಿಡಿದು ಹರಿಗೋಲಿಗೆ ಇಳಿಸಿದಳು. ಅವನು ಕಣ್ಣು ಮುಚ್ಚಿ ಕೂತ. ಅವಳು ಹುಟ್ಟು ಹಾಕಿದಳು. ನಡುಹೊಳೆಗೆ ಬರುವಾಗ ನೀರಿನಿಂದ ಮಬ್ಬೆದ್ದು ಎರಡೂ ದಡ ಮರೆಯಾದವು. ಹರಿಗೋಲು ನಿಂತಲ್ಲೇ ಸುತ್ತತೊಡಗಿತು. ಮಬ್ಬು ಮನುಷ್ಯನ ಆಕಾರವಾಯಿತು.

“ಅವನನ್ನು ಇಲ್ಲೇ ಬಿಡು,” ಎಂದ ಮಂಜುಮಾರ. “ನಿನ್ನನ್ನೂ ನಿನ್ನ ಊರನ್ನೂ ಬಿಟ್ಟುಬಿಡುತ್ತೇನೆ. ಇಲ್ಲವಾದರೆ ಈ ಮಂಜು ನಿನಗೂ ಅಂಟುತ್ತದೆ.”

“ಅಂಟ್ಲಿ,” ಎಂದಳು ಸಿಂಗವ್ವ, ಎದೆ ತುಂಬ ಉಸಿರೆಳೆದು. ಮಂಜು ಒಳಗೆ ಹೋಯಿತು, ಹೊರಗೆ ಬಂತು. ತಣ್ಣಗಿತ್ತು, ಅಷ್ಟೇ. ಇಷ್ಟು ವರ್ಷ ಸುಮ್ಮನೆ ಹೆದರಿದ್ದೆವಲ್ಲ ಎಂದು ಅವಳಿಗೆ ಸಿಟ್ಟು ಬಂತು. ಆದರೆ ದಾರಿ ಕಾಣುತ್ತಿರಲಿಲ್ಲ. ಸುಳಿಯ ಸದ್ದು ಹತ್ತಿರವಾಯಿತು. ಈರೋಜ ಹೋದ ಸುಳಿ ಅದೇ.

ಆಗ ದೂರದಲ್ಲಿ ಒಂದು ದನಿ ಕೇಳಿತು. “ಕೆಂಚಾ! ಲೋ ಕೆಂಚಾ!”

ಬಿಟ್ಟುಬಂದ ದಡದಲ್ಲಿ ದ್ಯಾವಪ್ಪ ಸುಟ್ಟ ಕೈಯನ್ನು ಎದೆಗವುಚಿಕೊಂಡು ಮಗನ ಹೆಸರು ಕೂಗುತ್ತಿದ್ದ. ಪಕ್ಕದಲ್ಲಿ ಸಣ್ಣಮ್ಮನೂ ಕೂಗಿದಳು. ಬೂದಿಗೆರೆಗೆ ಬೂದಿ ತಂದುಕೊಟ್ಟಿದ್ದ ನೆರೆಹೊರೆಯವರು ಒಬ್ಬೊಬ್ಬರಾಗಿ ಬಂದು ದನಿಗೂಡಿಸಿದರು. ಕೆಂಚಣ್ಣ ಕಣ್ಣು ತೆರೆದ.

“ಅದು ನಮ್ಮ ದಡ,” ಎಂದ. “ಕೂಗು ಬೆನ್ನ ಹಿಂದೆ ಇದ್ದರೆ ಆಚೆ ದಡಕ್ಕೆ ನೆಟ್ಟಗೆ ಹೋಗ್ತೀವಿ. ಹುಟ್ಟು ಇಲ್ಲಿ ಕೊಡು.”

ಕೆಂಚಣ್ಣ ಹುಟ್ಟು ಹಾಕಿದ. ಒಂದೊಂದು ಕೂಗಿಗೂ ಮಂಜುಮಾರ ತೆಳುವಾದ. ಯಾರೂ ಕರೆಯದ ಹೆಸರುಗಳನ್ನು ತಿಂದು ಬದುಕಿದ್ದವನು ಅವನು. ಕರೆದ ಹೆಸರನ್ನು ಅರಗಿಸಿಕೊಳ್ಳುವುದು ಅವನಿಂದಾಗಲಿಲ್ಲ. ಕೊನೆಗೆ ನೀರಿನ ಮೇಲೆ ಸಂಜೆಯ ಬಿಸಿಲು ಮಾತ್ರ ಉಳಿಯಿತು. ಆಚೆ ದಡದಲ್ಲಿ ಮುದ್ದವ್ವ ದೀಪ ಹಚ್ಚುತ್ತಿದ್ದಳು.

“ಬಾರಪ್ಪ,” ಎಂದಳು. “ಒಂದೇ ದಿನಕ್ಕೆ ಹೋಗೋದಲ್ಲ ಇದು. ಔಷಧಿ ಇದೆ, ಮಾತೂ ಇದೆ. ನಿಧಾನಕ್ಕೆ ವಾಸಿ ಆಗುತ್ತೆ.”

ಮರುದಿನ ಅರಮನೆಯ ಅಂಗಳದಲ್ಲಿ ಊಟದ ಎಲೆಗಳನ್ನು ಹಾಸಿದರು. ಪ್ರತಿ ಮನೆಯ ಯಜಮಾನನೂ ಕೋವಿ ಹೆಗಲಿಗೇರಿಸಿ ಬಂದಿದ್ದ. ದ್ಯಾವಪ್ಪ ಮಾತ್ರ ಕೈಗೆ ಬಟ್ಟೆ ಸುತ್ತಿಕೊಂಡು ಬಂದಿದ್ದ. ಜನ ಗುಸುಗುಸು ಮಾತಾಡಿದರು.

“ದ್ಯಾವಪ್ಪ, ನಿನ್ನ ಕೋವಿ ಎಲ್ಲಿ?” ಎಂದು ರಾಜ ಕೇಳಿದ.

“ಪೆಟ್ಟಿಗೇಲಿದೆ ಒಡೆಯ, ಮದ್ದಿಲ್ಲದೆ. ಕೀಲಿ ನನ್ನ ಹತ್ರ ಇದೆ.”

“ಮಗ?”

“ವೈದ್ಯರ ಮನೇಲಿದಾನೆ.” ದ್ಯಾವಪ್ಪ ಕೈ ಮುಗಿದ. “ಬದುಕಿದಾನೆ ಒಡೆಯ.”

ಅಂಗಳದ ಮೂಲೆಯಿಂದ ಸಣ್ಣಮ್ಮ ಹೇಳಿದಳು: “ಹೋದ ವರ್ಷ ಇದೇ ಮಾತು ನಾನೂ ಹೇಳ್ಬಹುದಾಗಿತ್ತು.”

ಯಾರೂ ಎಲೆಗೆ ಕೈ ಹಾಕಲಿಲ್ಲ. ರಾಜ ಪೀಠದಿಂದ ಇಳಿದು, ತನ್ನ ಕೋವಿಯ ಮದ್ದನ್ನು ಎಲ್ಲರ ಎದುರು ಕೊಳಕ್ಕೆ ಸುರಿದ. ಹಾವೊಂದು ಬುಸ್ಸೆಂದು ಕರಗಿತು. ಅರಮನೆಯಲ್ಲೂ ಹಾವಿತ್ತೆಂದು ಜನ ಅಂದೇ ಕಂಡದ್ದು. ಆಮೇಲೆ ಒಬ್ಬೊಬ್ಬರಾಗಿ ಎದ್ದು ತಮ್ಮ ಕೋವಿಗಳ ಮದ್ದನ್ನೂ ಸುರಿದರು. ಅಂದಿನ ಊಟ ತಡವಾಯಿತು, ತಣ್ಣಗಾಯಿತು, ಆದರೆ ಉಂಡವರೆಲ್ಲ ಮನೆಗೆ ಹೋದರು.

ಮುಂದಿನ ಸುಗ್ಗಿಗೆ ಕೆಂಚಣ್ಣನೇ ಹರಿಗೋಲಿನಲ್ಲಿ ಜನರನ್ನು ದಾಟಿಸಿದ. ಕೆಲವು ದಿನ ಮಂಜು ಮತ್ತೆ ಕವಿಯುತ್ತಿತ್ತು. ಅಂಥ ದಿನ ಅವನು ಮುದ್ದವ್ವನ ಮನೆಗೆ ಹೋಗಿಬರುತ್ತಿದ್ದ, ಅದಕ್ಕಾಗಿ ಯಾರೂ ಅವನನ್ನು ಆಡಿಕೊಳ್ಳಲಿಲ್ಲ. ಸಣ್ಣಮ್ಮ ದ್ಯಾವಪ್ಪನ ಮನೆಯಲ್ಲೇ ಉಣ್ಣುತ್ತಿದ್ದಳು. ಕೆಂಗಲ್ಲಿನಲ್ಲಿ ಕೋವಿಗಳು ಬೀಗದೊಳಗೆ ಹೋದವು, ಬೂದಿ ಪಾತ್ರೆ ತೊಳೆಯಲಿಕ್ಕೆ ಮರಳಿತು, ಜನ ನೆಮ್ಮದಿಯಾಗಿ ಬಾಳಿದರು. ಇವತ್ತಿಗೂ ಅಲ್ಲಿಗೆ ನೆಂಟರು ಬಂದರೆ ಮೊದಲು ಮನೆಯವರನ್ನು ಹೆಸರು ಹಿಡಿದು ಕರೆದು, ಹೇಗಿದ್ದೀಯ ಎಂದು ಕೇಳುತ್ತಾರೆ, ಉತ್ತರ ಬರುವವರೆಗೂ ಕಾಯುತ್ತಾರೆ.