ನೆಟ್ಟಗೆ ನಿಂತ ಗೂಟ

ಡೇರೆ ನೆಲಕ್ಕೆ ಬಿದ್ದಿತ್ತು. ಅಡುಗೆಯ ಚಂದಮ್ಮ ಬೆಳಿಗ್ಗೆ ಚಹಾ ಹಿಡಿದು ಬಂದವಳು ಬಟ್ಟೆಯ ಅಂಚು ಎತ್ತಿ ನೋಡಿದಳು. ಮೊದಲು ಕಾಲು ಕಂಡಿತು. ಮುಟ್ಟಿದಳು. ತಣ್ಣಗಿತ್ತು.

ಸತ್ತವರು ಸರ್ವೆಯರ್ ಅಬ್ದುಲ್ ಗನಿ. ಸಾವಿರದ ಒಂಬೈನೂರ ಅರವತ್ತೆಂಟರ ಬೇಸಿಗೆ ಅದು. ಸೇಡಂ ಊರಾಚೆ ಕರಿನೆಲದಲ್ಲಿ ಅವರ ಡೇರೆ. ರಾತ್ರಿ ಗಾಳಿ ಎದ್ದು ನಾಲ್ಕು ಹನಿ ಮಳೆ ಬಿದ್ದಿತ್ತು.

ಠಾಣೆಯಿಂದ ಫೌಜದಾರರು ಬಂದರು. ಜೊತೆಗೆ ಜಮಾದಾರ ಕಲ್ಯಾಣಪ್ಪ. ಇಪ್ಪತ್ತು ವರ್ಷದ ನೌಕರಿ, ನರೆತ ಮೀಸೆ, ಅವಸರವಿಲ್ಲದ ಮನುಷ್ಯ.

ಡೇರೆಯ ನಡುಗಂಬ ಗನಿಯವರ ಎದೆಯ ಮೇಲೆ ಅಡ್ಡ ಬಿದ್ದಿತ್ತು. ತಲೆಯ ಹಿಂಬದಿ ಒಡೆದಿತ್ತು.

"ಕಂಬ ಎದಿ ಮ್ಯಾಲ. ಗಾಯ ಹಿಂದ," ಅಂದ ಕಲ್ಯಾಣಪ್ಪ.

ಮಂಚದ ಅಂಚು ಬಡಿದಿರಬೇಕು ಎಂದರು ಫೌಜದಾರರು. ಅವರ ಕಣ್ಣು ಗೂಟಗಳ ಮೇಲಿತ್ತು. ಗಾಳಿ ಬೀಸಿದ ಕಡೆಯವು ಹಗ್ಗದ ಸಮೇತ ಕಿತ್ತು ಬಿದ್ದಿದ್ದವು. ಆಚೆ ಕಡೆಯವು ಇನ್ನೂ ನಿಂತಿದ್ದವು. ಎಲ್ಲವೂ ಕಬ್ಬಿಣದವು.

ಆ ತಪ್ಪು ಯಾರಿಗೂ ಗೊತ್ತಾಗುವಂಥದು. ಸರ್ವೆಯವರು ತಾಲ್ಲೂಕು ತಾಲ್ಲೂಕು ತಿರುಗುವವರು. ಅವರ ಬಂಡಿಯಲ್ಲಿ ಮೂರು ಚೀಲ ಗೂಟ. ವಾಡಿ, ಶಹಾಬಾದಿನ ಕಲ್ಲುನೆಲಕ್ಕೆ ಗಿಡ್ಡ ಕಬ್ಬಿಣದ ಗೂಟ. ಸನ್ನತಿ ಕಡೆ ಭೀಮೆಯ ಮರಳಿಗೆ ಅಗಲ ಹಲಗೆಯ ಗೂಟ. ಸೇಡಂನ ಕರಿನೆಲಕ್ಕೆ ಮೊಳದುದ್ದದ ಜಾಲಿ ಗೂಟ. ಬೇಸಿಗೆಯಲ್ಲಿ ಕರಿನೆಲದ ಮೈ ಬಿರಿದಿರುತ್ತದೆ, ಹಸಿ ಇರುವುದು ಆಳದಲ್ಲಿ. ಜಾಲಿ ಅಲ್ಲಿಗೆ ಮುಟ್ಟಿ ಕಚ್ಚಿಕೊಳ್ಳುತ್ತದೆ. ಗಿಡ್ಡ ಕಬ್ಬಿಣವೋ, ಬೆಣ್ಣೆಯೊಳಗಿನ ಕೂದಲಿನಂತೆ ಹೊರಬರುತ್ತದೆ.

ಗೂಟ ಹೊಡೆಯುವವನು ಖಲಾಸಿ ಬಂದೇಅಲಿ. ಮಧ್ಯಾಹ್ನದೊಳಗೆ ಅವನನ್ನು ಲಾಕಪ್ಪಿಗೆ ಹಾಕಿದರು.

* * *

ಬಂದೇಅಲಿಗೆ ಮೂರು ದಿನದಿಂದ ಜ್ವರ. ವಾಡಿಯಿಂದ ಬಂದು ಡೇರೆ ಹಾಕಿ, ರಾತ್ರಿ ಸೇಡಂನ ತನ್ನ ಮನೆಗೆ ಹೋಗಿ ಮಲಗಿದ್ದ. ರಜೆಗಾಗಿ ಅವನು ಗನಿಯವರ ಜೊತೆ ಜಗಳಾಡಿದ್ದನ್ನು ಚಂದಮ್ಮ ಕೇಳಿದ್ದಳು. ಫೌಜದಾರರಿಗೆ ಅಷ್ಟು ಸಾಕಾಗಿತ್ತು.

ಕಲ್ಯಾಣಪ್ಪನಿಗೆ ಕಷ್ಟವಾದದ್ದು ಬೇರೆ. ಆರೋಪಿಯೇ ತಾನು ತಪ್ಪಿತಸ್ಥ ಎನ್ನುತ್ತಿದ್ದ.

"ಯಾವ ಚೀಲ ಬಿಚ್ಚಿದೆ ಅಂಬೋದು ನೆನಪಿಲ್ರಿ ಜಮಾದಾರ್ ಸಾಬ್. ಕಣ್ಣಿಗೆ ಕತ್ತಲಿ ಬರ್ಲಿಕತ್ತಿತ್ತು. ನನ್ನ ಕೈಲೇ ಸತ್ತಾರ. ಬರಕೊಳ್ರಿ, ಹೆಬ್ಬೆಟ್ಟು ಒತ್ತತೀನಿ."

"ಸುಮ್ಮ ಕುಂದ್ರು."

"ಎಂಟು ವರ್ಷ ಅವರ ಅನ್ನ ಉಂಡೀನ್ರಿ. ಜೈಲಿಗೆ ಕಳಿಸ್ರಿ ನನ್ನ."

ಕೊಟ್ಟ ರೊಟ್ಟಿ ಮುಟ್ಟಿರಲಿಲ್ಲ. ಹಣೆಯನ್ನು ಗೋಡೆಗೆ ಬಡಿದುಕೊಂಡು ರಕ್ತ ಬಂದಿತ್ತು. ಹೊರಗೆ ಠಾಣೆಯ ಮೆಟ್ಟಿಲಲ್ಲಿ ಅವನ ಹೆಂಡತಿ ಹಸೀನಾಬೇಗಂ ಕೂತಿದ್ದಳು. ಅವಳು ಅಳಲಿಲ್ಲ.

"ಅಂವ ಒಪ್ಪಿಕೊಂಡ್ರ ಮುಗೀತೇನ್ರಿ?"

"ಮುಗೀತವ್ವಾ."

"ಹಂಗಾರ ಅಂವನ ಬಾಯಿಗೆ ಬಟ್ಟಿ ತುರುಕ್ರಿ. ಆಮ್ಯಾಲ ನಾ ಬೈಸಿಕೊಂತೀನಿ."

ಮರುದಿನ ಕೋರ್ಟಿಗೆ ಹಾಜರುಪಡಿಸಬೇಕಿತ್ತು. ಕಲ್ಯಾಣಪ್ಪ ಫೌಜದಾರರಲ್ಲಿ ಅಲ್ಲಿಯವರೆಗೆ ಗಡುವು ಬೇಡಿದ.

* * *

ಅವನು ಮತ್ತೆ ಡೇರೆಯ ಜಾಗಕ್ಕೆ ಹೋದ. ನಿಂತಿದ್ದ ಗೂಟಗಳ ಮುಂದೆ ಕುಕ್ಕರುಗಾಲಲ್ಲಿ ಕೂತ.

ಎಲ್ಲವೂ ನೆಟ್ಟಗೆ ನಿಂತಿದ್ದವು.

ಮಣ್ಣಿನಲ್ಲಿ ಗೂಟ ಹೊಡೆಯುವವನು ಅದರ ತಲೆಯನ್ನು ಡೇರೆಯಿಂದ ಆಚೆಗೆ ವಾಲಿಸುತ್ತಾನೆ. ಹಾಗಿದ್ದರೇ ಹಗ್ಗ ಜಗ್ಗಿದಾಗ ತಡೆಯುವುದು. ನೆಟ್ಟಗೆ ಹೊಡೆಯುವುದು ಶಹಾಬಾದಿನ ಕಡೆ, ಕಲ್ಲಿನಲ್ಲಿ. ಅಲ್ಲಿ ಬಂಡೆಯ ಸೀಳು ನೇರ ಕೆಳಗಿಳಿಯುತ್ತದೆ. ವಾರೆ ಹೊಡೆದರೆ ಕಬ್ಬಿಣ ಪುಟಿಯುತ್ತದೆ.

ಜೊತೆಗೆ ಬಂದಿದ್ದ ಫೌಜದಾರರು ಇದನ್ನು ಕೇಳಿ ನಕ್ಕರು. ಖಲಾಸಿ ವಾಡಿಯಿಂದ ಬಂದವನು, ಕೈಗೆ ಅದೇ ರೂಢಿ, ಮೇಲೆ ಜ್ವರ ಬೇರೆ ಎಂದರು. ಮಾತಿನಲ್ಲಿ ಹುರುಳಿತ್ತು. ಆದರೂ ಕಲ್ಯಾಣಪ್ಪ ಸಲಿಕೆ ತರಿಸಿದ.

ಗೂಟದ ಪಕ್ಕದಲ್ಲಿ ಮಣ್ಣನ್ನು ಗೋಡೆಯಂತೆ ಸೀಳಿ ತೆಗೆದ. ಕಬ್ಬಿಣದ ಬಗಲಲ್ಲೇ ಇನ್ನೊಂದು ತೂತು ಕಂಡಿತು. ಮುಂಗೈ ದಪ್ಪ, ಮೊಳದಷ್ಟು ಆಳ, ಸರಿಯಾಗಿ ವಾರೆ. ಮೇಲೆ ಸಡಿಲ ಮಣ್ಣು ತುಂಬಿತ್ತು. ಎರಡನೆಯ ಗೂಟದ ಬಳಿಯೂ ಹಾಗೆಯೇ. ಮೂರನೆಯದರಲ್ಲೂ ಹಾಗೆಯೇ.

"ಇದು ಜಾಲಿ ಗೂಟದ ಮನಿ ನೋಡ್ರಿ," ಅಂದ. "ಬಂದೇಅಲಿ ಸರಿಯಾಗೇ ಹೊಡದಾನ. ಯಾರೋ ಕಿತ್ತು ಕಬ್ಬಿಣದವು ನಿಲ್ಲಿಸ್ಯಾರ."

ಫೌಜದಾರರ ನಗು ನಿಂತಿತು. ಚೀಲ ಬಿಚ್ಚಿಸಿದರು. ಜಾಲಿಯ ಚೀಲ ಖಾಲಿ.

ಹಿಂದಿನ ಸಂಜೆ ಡೇರೆಗೆ ಯಾರು ಬಂದಿದ್ದರು ಎಂದು ಚಂದಮ್ಮನನ್ನು ಕೇಳಿದರು. ಶಹಾಬಾದಿನ ಕಲ್ಲುಗಣಿ ಧಣಿ ಗುರುಲಿಂಗಪ್ಪ ಜೀಪಿನಲ್ಲಿ ಬಂದಿದ್ದ. ತನ್ನ ಗಣಿಯ ನಕ್ಷೆ ಬದಲಿಸಿ ಎಂದು ಕೈ ಮುಗಿದಿದ್ದ. ಗನಿಯವರು ಆಗಲ್ಲ ಎಂದಿದ್ದರು. ಅವಳು ಹೊರಟಾಗ ಜೀಪು ಅಲ್ಲೇ ಇತ್ತು.

* * *

ಗಣಿಯಲ್ಲಿ ಬಿಸಿಲಿಗೆ ಬಿಳಿಧೂಳು ಕಣ್ಣು ಕುಕ್ಕುತ್ತಿತ್ತು. ಗುರುಲಿಂಗಪ್ಪ ಬರ್ರಿ ಕುಂದ್ರಿ ಎಂದು ಉಪಚರಿಸಿದ. ಗಾಳಿ ಏಳುವ ಮುಂಚೆಯೇ ತಾನು ಹೊರಟೆ, ಭಾಳ ಒಳ್ಳೆಯ ಮನುಷ್ಯ ಹೋದರು ಎಂದ.

ಕಲ್ಯಾಣಪ್ಪ ಕೂರಲಿಲ್ಲ. ಬಂಡೆಯ ಕಡೆ ನಡೆದ. ಅಲ್ಲಿ ಸೀಳಿನುದ್ದಕ್ಕೂ ಕಟ್ಟಿಗೆಯ ಬೆಣೆ ಬಡಿದು ನೀರು ಸುರಿಯುತ್ತಿದ್ದರು. ಕಟ್ಟಿಗೆ ನೆನೆದು ಉಬ್ಬಿದರೆ ಕಲ್ಲು ತಾನಾಗಿ ಬಿರಿಯುತ್ತದೆ. ಬೆಣೆಗಳ ಕೊರಳಲ್ಲಿ ಸುತ್ತ ಒಂದು ಕಚ್ಚು ಇತ್ತು.

"ಬೆಣೆಗೆ ಕೊರಳ ಯಾಕಬೇ?" ಎಂದು ನೀರು ಸುರಿಯುತ್ತಿದ್ದ ಸುಗರಾಬಿಯನ್ನು ಕೇಳಿದ.

"ನಮಗೇನ್ ಗೊತ್ರಿ. ಧಣಿ ಮುಂಜಾನಿ ಜೀಪಿನಾಗ ತಂದು ಕೊಟ್ರು. ಒಣ ಜಾಲಿ ಅದ, ಒಗಿಬ್ಯಾಡ್ರಿ, ಬೆಣಿಗೆ ಹಚ್ರಿ ಅಂದ್ರು."

ಕಲ್ಯಾಣಪ್ಪ ಒಂದನ್ನು ಕೀಳಿಸಿದ. ಕಚ್ಚಿನೊಳಗೆ ಉಗುರು ಹಾಕಿದ. ಆ ಬಿಳಿ ನೆಲದಲ್ಲಿ ಅವನ ಉಗುರಿಗೆ ಸೇಡಂನ ಕರಿಮಣ್ಣು ಬಂತು.

"ಡೇರಿ ಹಗ್ಗದ ಕಚ್ಚು ಇದು," ಅಂದ ಧಣಿಗೆ. "ಗನಿಯವರ ತಲಿಗೆ ಹಿಂದಿನಿಂದ ಹೊಡದ್ರಿ. ಗಾಳಿ ಎದ್ದಿತ್ತು, ಆದ್ರ ಜಾಲಿ ಗೂಟ ಅಲುಗಲಿಲ್ಲ. ಅದಕ್ಕ ಅವನ್ನ ಕಿತ್ತು ಕಬ್ಬಿಣದವು ಬಡದು, ಡೇರಿ ಕೆಡವಿದ್ರಿ. ಕೈ ಮಾತ್ರ ಕಲ್ಲಿನ ಕೈ, ನೆಟ್ಟಗ ಬಡೀತು. ಹಸಿಮಣ್ಣು ಹತ್ತಿದ ಜಾಲಿ ಗೂಟ ಚೀಲದಾಗ ಸಿಗಬಾರದಂತ ಜೀಪಿನಾಗ ಒಯ್ದ್ರಿ. ಇವನ್ನ ಹೊಳಿಗೆ ಒಗದಿದ್ರ ನಾ ಇಲ್ಲಿಗೆ ಬರತಿದ್ದಿಲ್ಲ."

ಗುರುಲಿಂಗಪ್ಪ ಕಲ್ಲು ಒಡೆದೇ ಧಣಿಯಾದವನು. ಒಳ್ಳೆಯ ಕಟ್ಟಿಗೆ ಬಿಸಾಡಲು ಅವನ ಕೈ ಬರಲಿಲ್ಲ. ಗಣಿ ಪಕ್ಕದ ವಿಧವೆಯೊಬ್ಬಳ ಹೊಲದೊಳಗೆ ಹೊಕ್ಕಿದ್ದನ್ನು ಗನಿಯವರು ಅಳೆದು ಹಿಡಿದಿದ್ದರು.

ಗುರುಲಿಂಗಪ್ಪ ಬಂಡೆಯ ಮೇಲೆ ಕೈಯಿಟ್ಟ.

"ನೂರು ಮಂದಿ ಹೊಟ್ಟಿ ಈ ಕಲ್ಲಿನ ಮ್ಯಾಲ ಅದ ಜಮಾದಾರ."

"ಬಂದೇಅಲಿದು ಹೊಟ್ಟಿ ಅಲ್ಲೇನ್ರಿ?"

ಕಲ್ಯಾಣಪ್ಪ ಅವನ ರಟ್ಟೆ ಹಿಡಿದು ಗಣಿಯಿಂದ ಹೊರಗೆ ನಡೆಸಿದ.

* * *

ಲಾಕಪ್ಪಿನ ಬಾಗಿಲು ತೆರೆದರೂ ಬಂದೇಅಲಿ ಏಳಲಿಲ್ಲ. ಕಲ್ಯಾಣಪ್ಪ ಎದುರಿಗೆ ಕೂತು ಎಲ್ಲವನ್ನೂ ಒಂದೊಂದಾಗಿ ಹೇಳಿದ. ಅವನಿಗೆ ಅರ್ಥವಾದದ್ದು ಒಂದೇ.

"ನನ್ನ ಕೈಲಿ ಸತ್ತಿಲ್ಲೇನ್ರಿ ಅವ್ರು?"

"ಇಲ್ಲ. ಜ್ವರದಾಗ ಸೈತ ನಿನ್ನ ಕೈ ಸರಿ ಹೊಡದಿತ್ತು."

ಬಂದೇಅಲಿ ತನ್ನ ಅಂಗೈಗಳನ್ನು ನೋಡಿಕೊಂಡ. ಮೊದಲ ಸಲ ಅತ್ತ. ಅಳುತ್ತ ಅಳುತ್ತ ಆ ಕಲ್ಲುಹಾಸಿನ ಮೇಲೆಯೇ ಮಗ್ಗುಲಾಗಿ ನಿದ್ದೆ ಹೋದ.

ಹಸೀನಾಬೇಗಂ ಒಳಗೆ ಬಂದು ಎಬ್ಬಿಸಹೋದಳು. ಕಲ್ಯಾಣಪ್ಪ ಬೇಡವೆಂದು ಕೈಸನ್ನೆ ಮಾಡಿದ. ಅವಳು ತಲೆಗೆ ಹೊದ್ದಿದ್ದ ಚಾದರ ತೆಗೆದು ಗಂಡನ ಮೇಲೆ ಹೊದಿಸಿ, ತೆರೆದ ಬಾಗಿಲಲ್ಲಿ ಕೂತಳು.