ಹಾಡು ಮುಗಿದ ಮೇಲಿನ ದನಿ

ನಾನು ಮೊಟ್ಟಮೊದಲು ಕೊಂಡ ರೆಕಾರ್ಡು ಒಂದು ಜೋಗುಳದ್ದು. ೧೯೮೪ರಲ್ಲಿ, ರಾಣೆಬೆನ್ನೂರು ಸಂತೆಯ ಹಳೇ ಸಾಮಾನಿನವನ ಹತ್ತಿರ ಕೊಂಡೆ. ಮೇಲಿನ ಚೀಟಿ ಹರಿದುಹೋಗಿ, ಹಾಡಿದವಳ ಹೆಸರಿರಲಿಲ್ಲ. ಮಾವ ಕೊಟ್ಟಿದ್ದ, ಕೀಲಿ ಕೊಡುವ ಗ್ರಾಮಫೋನು ಬ್ಯಾಡಗಿಯ ನಮ್ಮ ಮನೆಯಲ್ಲಿತ್ತು.

ಮಧ್ಯಾಹ್ನ ಹಚ್ಚಿದೆ. ಹೆಂಡತಿ ಮುಮ್ತಾಜಬಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಹಾಡು ಶುರುವಾದೊಡನೆ ಮನೆಯೊಳಗಿನ ಘಾಟು ಪೂರ್ತಿ ಹೋಗಿ, ಹಸಿ ಮಣ್ಣಿನ ವಾಸನೆ ಬಂತು. ಹಾಡು ಮುಗಿಯಿತು. ಮುಳ್ಳಿನ ಗರಗರ ಸದ್ದಿನ ನಡುವೆ ಹಾಡಿದವಳೇ ಮೆಲ್ಲಗೆ ಕರೆದಳು: "ಜಾಹೀದಾ, ಬಾರವ್ವಾ."

ಜಾಹೀದಾ ನಮ್ಮ ನಾಲ್ಕು ವರ್ಷದ ಮಗಳು. ಎದ್ದು ಗ್ರಾಮಫೋನಿನ ಹತ್ತಿರ ಹೋಗಿ, "ಓ, ಬಂದೆ" ಎಂದಳು.

ಮರುದಿನ ರೆಕಾರ್ಡನ್ನು ಮಾರಿದವನ ಬಳಿ ಒಯ್ದೆ. ಅವನು ತನ್ನ ಯಂತ್ರದ ಮೇಲೆ ಎರಡು ಸಲ ಹಚ್ಚಿ ನೋಡಿ, "ಹಾಡ ಬಿಟ್ರ ಇದರಾಗ ಏನೂ ಇಲ್ಲಲ್ರಿ ಸಾಬ್ರ" ಎಂದ.

ಅದೇ ವಾರ ಜಾಹೀದಾಳಿಗೆ ಜ್ವರ ಬಂತು. ಯಾವ ಔಷಧಕ್ಕೂ ಇಳಿಯಲಿಲ್ಲ. ಐದನೇ ದಿನ ಹೋಗಿಬಿಟ್ಟಳು. ಕಬರಸ್ತಾನದಿಂದ ಬಂದವನೇ ರೆಕಾರ್ಡನ್ನು ಚೂರುಚೂರು ಮಾಡಿ ಹಾಳು ಬಾವಿಗೆ ಹಾಕಿದೆ.

ನಲವತ್ತನೇ ದಿನದ ಫಾತೇಹಾ ಮುಗಿದು ನೆಂಟರೆಲ್ಲ ಹೋದರು. ಒಳಗೆ ಬಂದು ನೋಡಿದರೆ, ಮುಮ್ತಾಜಬಿ ಖಾಲಿ ಗ್ರಾಮಫೋನಿಗೆ ಕೀಲಿ ಕೊಟ್ಟು ಕಿವಿ ಹಚ್ಚಿ ಕೂತಿದ್ದಳು.

"ಯಾಕ ಹಿಂಗ ಕುಂತೀದಿ?" ಎಂದೆ.

"ಸುಮ್ನಿರ್ರಿ. ಜಾಹೀದಾ ಮಾತಾಡಾಕತ್ತಾಳ. ಅಬ್ಬಾ ಎಲ್ಲಿ ಅಂತ ನಿಮ್ಮನ್ನ ಕೇಳಾಕತ್ತಾಳ."

ನಾನೂ ಕಿವಿ ಹಚ್ಚಿದೆ. ಯಂತ್ರ ತಿರುಗುವ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಈಗ ಹನ್ನೊಂದು ವರ್ಷವಾಯಿತು. ಅವರಿಬ್ಬರೂ ದಿನಾ ಮಾತಾಡುತ್ತಾರಂತೆ. ನನಗೆ ಒಮ್ಮೆಯೂ ಕೇಳಿಲ್ಲ.