ತಾನಾಗಿ ತಣಿಯಬೇಕಾದ ಮೂಸೆ

"ತಾನಾಗಿ ತಣಿಯಬೇಕು ಮಾಸ್ಟ್ರೆ. ಏಳು ದಿನ. ಅಲ್ಲಿವರೆಗೆ ಮೂಸೆಯ ಬಾಯಿ ಬಿಡಿಸಬೇಡಿ."

ನಾಟಿವೈದ್ಯ ಗುರುವಪ್ಪ ಬೈದ್ಯರು ಇದನ್ನು ಮೂರನೆಯ ಸಲ ಹೇಳಿದರು. ಮೂರನೆಯ ಸಲವೂ ಚಿತ್ತರಂಜನ ನಕ್ಕ. ಮೈಸೂರಿನಿಂದ ಮಂಗಳೂರಿನ ಕಾಲೇಜೊಂದಕ್ಕೆ ರಸಾಯನಶಾಸ್ತ್ರ ಕಲಿಸಲು ಬಂದು ಅವನಿಗಿನ್ನೂ ವರ್ಷ ತುಂಬಿರಲಿಲ್ಲ. ಎರಡು ಮಣ್ಣಿನ ಕುಡಿಕೆಗಳನ್ನು ಬಾಯಿಗೆ ಬಾಯಿ ಕೂಡಿಸಿ, ಮಣ್ಣು ಮೆತ್ತಿದ ಬಟ್ಟೆಯನ್ನು ಏಳು ಸುತ್ತು ಸುತ್ತಿದ ಆ ಉಂಡೆಯನ್ನು ನೋಡಿದರೆ ಅವನಿಗೆ ತನ್ನ ಬಗ್ಗೆಯೇ ನಾಚಿಕೆಯಾಗುತ್ತಿತ್ತು. ಒಳಗೆ ಹಾಕಿದ್ದು ಪಾದರಸ ಮತ್ತು ಗಂಧಕ, ಹುಡುಗರಿಗೆ ಅವನೇ ಬೋರ್ಡಿನ ಮೇಲೆ ಬರೆದು ತೋರಿಸುವ ಸರಕು.

"ಬೆಂಕಿ ಆರಿದ ಮೇಲೆ ಒಂದು ದಿನ ಸಾಕು ಪಂಡಿತರೇ. ಕಲ್ಲಾದರೂ ತಣ್ಣಗಾಗುತ್ತೆ."

"ಒಳಗೆ ಇರುವುದು ಕಲ್ಲಲ್ಲ," ಎಂದರು ಬೈದ್ಯರು. "ನೀವು."

ಹೆತ್ತವರು ಯಾವ ಮುಹೂರ್ತದಲ್ಲಿ ಅವನಿಗೆ ಚಿತ್ತರಂಜನ ಎಂದು ಹೆಸರಿಟ್ಟರೋ, ಅವನ ಚಿತ್ತ ಯಾರನ್ನೂ ರಂಜಿಸಿದ್ದಿಲ್ಲ. ಸೀಮೆಸುಣ್ಣ ಮುರಿದರೆ ಸಿಟ್ಟು. ಮೊಳೆಗೆ ಕೋಟು ನಿಲ್ಲದಿದ್ದರೆ ಸಿಟ್ಟು. "ಎಷ್ಟು ಸಲ ಹೇಳಬೇಕು ನಿನಗೆ?" ಎಂಬುದು ಅವನ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು. ಹೆಂಡತಿ ಜಯಳಿಗೆ, ಜವಾನನಿಗೆ, ಕಡೆಗೆ ಬಾಗಿಲ ಚಿಲಕಕ್ಕೂ ಅದೇ ಮಾತು. ಮೂರು ವಾರದ ಹಿಂದೆ ಕಾಫಿಗೆ ಸಕ್ಕರೆ ಹೆಚ್ಚಾಯಿತೆಂದು ಲೋಟವನ್ನೇ ಬೀಸಿ ಎಸೆದಿದ್ದ. ಅದು ಹೋಗಿ ಬಿದ್ದದ್ದು ಐದು ವರ್ಷದ ಮಗಳು ಅಮ್ಮಣಿಯ ಎಡಗೈ ಮೇಲೆ. ಮೊಣಕೈಯಿಂದ ಕೆಳಗೆ ಚರ್ಮ ಸುಲಿದು ಹೋಯಿತು.

ಅಂದಿನಿಂದ ಮಗು ಅವನ ಕೈಗೆ ಎಟುಕುವಷ್ಟು ಹತ್ತಿರ ಬಂದಿರಲಿಲ್ಲ, ಅವನೊಂದಿಗೆ ಒಂದು ಮಾತೂ ಆಡಿರಲಿಲ್ಲ. ಜಯ ಕೂಗಾಡಲಿಲ್ಲ. ಅಟ್ಟದಿಂದ ಟ್ರಂಕು ಇಳಿಸಿ ಸೀರೆಗಳನ್ನು ಜೋಡಿಸಿದಳು. "ರಜೆ ಬಂದ ಕೂಡಲೇ ಅಮ್ಮಣಿಯನ್ನು ಕರ್ಕೊಂಡು ಮೈಸೂರಿಗೆ ಹೋಗ್ತೀನಿ. ಮತ್ತೆ ಬರಲ್ಲ," ಎಂದಳು. ಅವನು ಆಣೆ ಇಟ್ಟ. ಎರಡೇ ದಿನದಲ್ಲಿ ಆಣೆ ಮುರಿದು ತಟ್ಟೆ ಎಸೆದ. ಎಸೆದ ಮೇಲೆ ಹಿತ್ತಿಲಿಗೆ ಹೋಗಿ, ತಾನೇಕೆ ಹೀಗೆ ಎಂದು ತಲೆ ಚಚ್ಚಿಕೊಂಡ. ಅದೂ ಸುಳ್ಳಲ್ಲ.

ಬೈದ್ಯರ ಹೆಸರು ಹೇಳಿದವನು ಮನೆಯ ಮಾಲೀಕ ಹಸನಬ್ಬ. ಕುದ್ರೋಳಿಯಲ್ಲಿ ಒಣಮೀನು, ಕಾಳುಮೆಣಸಿನ ವ್ಯಾಪಾರ ಅವನದು. "ಅವರು ಚಿನ್ನ ಮಾಡುವ ಜನ ಅಲ್ಲ ಮಾಸ್ಟ್ರೆ. ಚಿನ್ನ ಮಾಡಿಕೊಡಿ ಅಂತ ಬಂದವರನ್ನು ಓಡಿಸಿದ್ದಾರೆ. ಮನುಷ್ಯನನ್ನು ಪುಟ ಹಾಕಿ ಸರಿ ಮಾಡುವ ರಸವಿದ್ಯೆ ಅವರದ್ದು. ನೋಡುವ, ಎಂತ ಹೋಗ್ತದೆ?" ತನ್ನ ಗೋದಾಮಿನ ಹಿಂದಿನ ಖಾಲಿ ಕೋಣೆಯನ್ನೂ ಅವನೇ ಬಿಟ್ಟುಕೊಟ್ಟ. ಜಯ ಗಂಡನ ಮುಖ ನೋಡದೆ, "ಏಳು ದಿನ ತಾನೆ? ಕಾಯ್ತೀನಿ. ನೀವೂ ಕಾಯೋದು ಕಲೀರಿ," ಎಂದಳು.

ಹಾಗೆ ಬಂದವನು ಇವನು. ನಂಬಿಕೆಯಿಂದಲ್ಲ, ಬೇರೆ ದಾರಿ ಇಲ್ಲದೆ.

ಬೈದ್ಯರು ಅವನ ಹತ್ತೂ ಬೆರಳಿನ ಉಗುರು ಕತ್ತರಿಸಿ ಕುಡಿಕೆಗೆ ಹಾಕಿಸಿದ್ದರು. ಹೆಬ್ಬೆರಳು ಚುಚ್ಚಿ ಒಂದು ಹನಿ ರಕ್ತ ಬೀಳಿಸಿದ್ದರು. ಸಿಟ್ಟನ್ನು ನೆನೆದು ಮೂರು ಸಲ ಉಸಿರು ಊದಿಸಿದ್ದರು. ಕೋಣೆಯ ನೆಲದಲ್ಲಿ ಹೊಂಡ ತೋಡಿ, ಬೆರಣಿ ಪೇರಿಸಿ, ನಡುವೆ ಮೂಸೆ ಇಟ್ಟು ಬೆಂಕಿ ಕೊಟ್ಟಾಗಿತ್ತು. ಈಗ ಬೆಂಕಿ ಆರಿ ಬೂದಿ ಉಳಿದಿತ್ತು.

"ಬೇಯಿಸುವುದು ಬೆಂಕಿಯ ಕೆಲಸ. ತಣಿಸುವುದು ನಿಮ್ಮ ಕೆಲಸ," ಎಂದರು ಬೈದ್ಯರು. "ಹಗಲು ಪೂರ್ತಿ ಇದರ ಹತ್ತಿರ ಕೂತುಕೊಳ್ಳಿ. ಅದು ತಣಿದ ಹಾಗೆ ನೀವೂ ತಣಿಯುತ್ತೀರಿ. ಕಾಯುವುದೇ ಮದ್ದು." ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನನ್ನ ಅಜ್ಜ ಇದರಲ್ಲೇ ಮಾಟ ಮಾಡ್ತಿದ್ದದ್ದು ಮಾರಾಯ್ರೆ. ಬೇರೆ ಎಂತದೂ ಇಲ್ಲ, ಬಿಸಿ ಇರುವಾಗ ಒಡೆಯುವುದು, ಅಷ್ಟೇ. ಒಳಗಿನದ್ದು ಹೊರಗೆ ಬೀಳ್ತದೆ. ಬಿದ್ದದ್ದು, ಉಗುರು ಯಾರದ್ದೋ ಅವನ ಮನೆಯ ರಕ್ತವನ್ನೇ ಹುಡುಕಿಕೊಂಡು ಹೋಗ್ತದೆ."

"ಸರಿ ಸರಿ," ಎಂದ ಚಿತ್ತರಂಜನ. ನಾಳೆ ಕಾಲೇಜಿನಿಂದ ಥರ್ಮಾಮೀಟರು ತರಬೇಕು ಎಂದು ಯೋಚಿಸುತ್ತಿದ್ದ.

ಏಪ್ರಿಲ್ ತಿಂಗಳು. ಚಿತ್ತರಂಜನ ಕಾಲೇಜಿಗೆ ಒಂದು ವಾರ ರಜೆ ಬರೆದುಕೊಟ್ಟಿದ್ದ. ಕೋಣೆಗೆ ಕಿಟಕಿ ಇರಲಿಲ್ಲ. ಬಾಗಿಲು ಎಳೆದರೆ ಮಟಮಟ ಮಧ್ಯಾಹ್ನವೂ ಕಗ್ಗತ್ತಲೆ. ಗೋದಾಮಿನಿಂದ ಒಣಮೀನಿನ ವಾಸನೆ, ಮೆಣಸಿನ ಘಾಟು. ಹೊಂಡದಿಂದ ಗಂಧಕದ ಕಮಟು. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಆಚೆ ಕಡೆ ಮೂಟೆ ತೂಗುವವರ ಕೂಗು ಬೆಳಗಿನಿಂದ ಸಂಜೆಯ ತನಕ ನಿಲ್ಲುತ್ತಿರಲಿಲ್ಲ. ಒಂದು ಚಿಮಣಿ ದೀಪ ಇಟ್ಟುಕೊಂಡು ಅವನು ಮೂಸೆಯ ಮೈಗೆ ಥರ್ಮಾಮೀಟರು ತಾಗಿಸಿ ಕೂತ.

ಮೊದಲ ದಿನ ನೂರ ಅರವತ್ತು ಡಿಗ್ರಿ ಫ್ಯಾರನ್‌ಹೀಟ್. ಎರಡನೆಯ ದಿನ ನೂರ ಇಪ್ಪತ್ತು. ಮೂರನೆಯ ದಿನ ನೂರ ನಾಲ್ಕು. ನೋಡಿದಿರಾ, ನಾಳೆಗೆ ಮುಗಿಯಿತು ಎಂದು ಬೈದ್ಯರೆದುರು ಮೀಸೆ ತಿರುವಿದ.

ನಾಲ್ಕನೆಯ ದಿನವೂ ನೂರ ನಾಲ್ಕು.

ಐದನೆಯ ದಿನವೂ ಅಷ್ಟೇ. ಬೇರೆ ಥರ್ಮಾಮೀಟರು ತಂದ. ಗೋಡೆಗೆ ಹಿಡಿದರೆ ಎಂಬತ್ತೆಂಟು, ನೆಲಕ್ಕೆ ಹಿಡಿದರೆ ಎಂಬತ್ತಾರು, ಮೂಸೆಗೆ ಹಿಡಿದರೆ ಮತ್ತೆ ನೂರ ನಾಲ್ಕು. ಸುತ್ತ ಕಿಡಿ ಇಲ್ಲ, ಕೆಂಡ ಇಲ್ಲ. ತಣ್ಣನೆಯ ಬೂದಿಯ ನಡುವೆ ಒಂದು ಉಂಡೆ ಮಣ್ಣು ಜ್ವರ ಬಂದ ಮೈಯ ಹಾಗೆ ಬೆಚ್ಚಗೆ ಕೂತಿತ್ತು. ಕಲಿತ ಶಾಸ್ತ್ರವೆಲ್ಲ ಅದರ ಮುಂದೆ ಬಾಯಿ ಮುಚ್ಚಿಕೊಂಡಿತು. ಅವನಿಗೆ ಹೆದರಿಕೆ ಆಗಬೇಕಿತ್ತು. ಆದದ್ದು ಸಿಟ್ಟು. ಎದ್ದು ಚಾಪೆಗೆ ಒದ್ದ. ಥರ್ಮಾಮೀಟರಿನ ಪಾದರಸ ಸರ್ರನೆ ನೂರ ಐದಕ್ಕೆ ಏರಿತು.

ಅವನು ಉಸಿರು ಬಿಗಿಹಿಡಿದು ನಿಂತ. ನಿಧಾನಕ್ಕೆ ಕೂತ. ಗಳಿಗೆ ಕಳೆದ ಮೇಲೆ ಅದು ನೂರ ನಾಲ್ಕಕ್ಕೆ ಇಳಿಯಿತು. ಅಂದರೆ ತಾನು ತಣ್ಣಗಿದ್ದರೆ ಮಾತ್ರ ಇದು ತಣಿಯುವುದು. ಮುದುಕ ಹೇಳಿದ್ದೇ ನಿಜ. ಆ ಮುದುಕ ಹೇಳಿದ್ದು ನಿಜವಾಯಿತಲ್ಲ ಎಂದು ಅವನಿಗೆ ಮತ್ತೆ ಸಿಟ್ಟು ಬಂತು, ಪಾದರಸ ಮತ್ತೆ ಏರಿತು. ಇಡೀ ದಿನ ಇದೇ ಆಟ. ಇಳಿಸಲು ಒದ್ದಾಡಿದಷ್ಟೂ ಏರುತ್ತಿತ್ತು.

ಆರನೆಯ ದಿನ ಬೈದ್ಯರು ರೋಗಿಯೊಬ್ಬರನ್ನು ನೋಡಲು ದೋಣಿಯಲ್ಲಿ ಹೊಳೆ ದಾಟಿ ತೊಕ್ಕೊಟ್ಟಿನ ಕಡೆ ಹೋಗಿದ್ದರು. "ಸಂಜೆ ಬರ್ತೇನೆ. ಇನ್ನೊಂದೇ ದಿನ ಉಂಟು. ದಮ್ಮಯ್ಯ, ಮುಟ್ಟಬೇಡಿ," ಎಂದು ಕೈ ಮುಗಿದಿದ್ದರು. ಅಂದು ಅವನು ನಿಜವಾಗಿಯೂ ಪ್ರಯತ್ನಪಟ್ಟ. ಕಣ್ಣು ಮುಚ್ಚಿ ಕೂತ. ನೂರ ಮೂರು. ನೂರ ಎರಡು. ಮಧ್ಯಾಹ್ನದ ಹೊತ್ತಿಗೆ ನೂರು. ಎದೆಯೊಳಗೆ ಎಷ್ಟೋ ವರ್ಷದ ಬಿಗಿ ಸಡಿಲವಾದ ಹಾಗಾಯಿತು.

ಆಗ ಬಾಗಿಲು ಸರಿಯಿತು. ಬುತ್ತಿ ಹಿಡಿದು ಜಯ ನಿಂತಿದ್ದಳು. ಅವಳ ಸೀರೆಯ ಹಿಂದಿನಿಂದ ಅಮ್ಮಣಿ ಇಣುಕಿದಳು. ಎಡಗೈಗೆ ಬಟ್ಟೆ ಸುತ್ತಿತ್ತು. ಮಗು ಮೂಸೆಯನ್ನು ನೋಡಿತು, ಅಪ್ಪನನ್ನು ನೋಡಿತು.

"ಅಪ್ಪ, ಆಯ್ತಾ?"

ಹತ್ತಿರ ಹತ್ತಿರ ನಾಲ್ಕು ವಾರದ ಮೇಲೆ ಮೊದಲ ಮಾತು. ಚಿತ್ತರಂಜನ ಅವಳತ್ತ ಕೈ ಚಾಚಿದ. "ಆಯ್ತು ಕಂದ. ಇವತ್ತೇ ಮನೆಗೆ ಬರ್ತೀನಿ," ಎಂದುಬಿಟ್ಟ.

"ನಾಳೆ ಅಲ್ವಾ?" ಎಂದಳು ಜಯ.

"ಇವತ್ತೇ ಅಂದೆನಲ್ಲ! ಎಷ್ಟು ಸಲ ಹೇಳಬೇಕು ನಿನಗೆ?"

ಮಗು ಥಟ್ಟನೆ ಸೀರೆಯ ಹಿಂದೆ ಸರಿಯಿತು. ಜಯ ಬುತ್ತಿಯನ್ನು ಹೊಸ್ತಿಲಲ್ಲಿಟ್ಟು ಮಗಳನ್ನು ಕರೆದುಕೊಂಡು ಹೋದಳು.

ಅವನು ಬಾಗಿಲು ಎಳೆದುಕೊಂಡ. ಥರ್ಮಾಮೀಟರು ನೋಡಿದ. ನೂರ ಆರು. ಆರು ದಿನದ ಬೆವರು, ಆರು ದಿನದ ನಾತ, ಎಲ್ಲ ಒಂದು ಮಾತಿಗೆ ಹೋಯಿತು. ನೂರ ಎಂಟು. ಮೂಸೆಯೊಳಗೆ ಏನೋ ಕುಟ್ಟಿತು. ಟಕ್. ಟಕ್. ಒಳಗಿನಿಂದ ಉಗುರಿನಿಂದ ತಟ್ಟಿದ ಹಾಗೆ. ತನ್ನದೇ ಉಗುರು. ಥರ್ಮಾಮೀಟರು ಚಿಟ್ಟೆಂದು ಸೀಳಿತು. ದೀಪ ಆರಿತು. ಕತ್ತಲೆ. ಗಂಧಕದ ನಾತ ಮೂಗಿಗೆ ಅಡರಿತು. ಟಕ್. ಟಕ್. ಟಕ್. "ನಿಲ್ಲಿಸು!" ಎಂದ. ನಿಲ್ಲಲಿಲ್ಲ. ಕೈಗೆ ಹೊಂಡ ತೋಡಿದ ಹಾರೆ ಸಿಕ್ಕಿತು. ಎತ್ತಿದ. ಕುಕ್ಕಿದ. ಮಣ್ಣು ಒಡೆಯಿತು. ಬಟ್ಟೆ ಹರಿಯಿತು. ಮತ್ತೆ ಕುಕ್ಕಿದ. ಮುಖಕ್ಕೆ ಬಿಸಿ ಗಾಳಿ ಬಡಿಯಿತು. ಅದು ಗಾಳಿಯಲ್ಲ, ಉಸಿರು. ಅವನ ಕಿವಿಯ ಪಕ್ಕದಲ್ಲೇ ಹಾದು ಹೋಯಿತು. ಬಾಗಿಲು ತಾನಾಗಿ ತೆರೆಯಿತು.

ಆಮೇಲೆ ಏನೂ ಇಲ್ಲ. ಮೂಟೆ ತೂಗುವವರ ಕೂಗು ಮತ್ತೆ ಕೇಳಿಸಿತು.

ಒಡೆದ ಕುಡಿಕೆಯಲ್ಲಿ ಒಂದು ಹಿಡಿ ಬೂದಿ ಇತ್ತು. ಮುಟ್ಟಿದರೆ ತಣ್ಣಗೆ. ಅವನ ಎದೆಯೂ ತಣ್ಣಗೆ, ಹಗುರ. ಹೊರಗೆ ಬರುವಾಗ ಕೂಲಿಯವನೊಬ್ಬ ಎಡವಿ ಮೆಣಸಿನ ಮೂಟೆಯನ್ನು ಅವನ ಕಾಲ ಮೇಲೆ ಹಾಕಿದ. "ಪರವಾಗಿಲ್ಲಪ್ಪ," ಎಂದು ಅವನೇ ಎತ್ತಿಕೊಟ್ಟ. ಎಲ್ಲಿ ಹುಡುಕಿದರೂ ಸಿಟ್ಟು ಸಿಗಲಿಲ್ಲ. ಹಸನಬ್ಬ ಬೆರಗಾಗಿ ನೋಡುತ್ತಿದ್ದ. ಕೆಲಸ ಆಯಿತು! ಏಳು ದಿನವಂತೆ, ಮಾಟವಂತೆ! ಚಿತ್ತರಂಜನ ಎರಡು ಓಣಿ ದಾಟಿ, ನಗುತ್ತ ಮನೆ ಸೇರಿದ.

ಜಯ ಅಂಗಳದಲ್ಲಿ ನಿಂತಿದ್ದಳು. ಹಣೆಯಿಂದ ರಕ್ತ ಸೋರುತ್ತಿತ್ತು. ಅವಳ ಕಣ್ಣಲ್ಲಿದ್ದ ಹೆದರಿಕೆ ಅವನಿಗೆ ಚೆನ್ನಾಗಿ ಗೊತ್ತಿದ್ದ ಹೆದರಿಕೆಯೇ. ಆದರೆ ಅವಳು ನೋಡುತ್ತಿದ್ದದ್ದು ಅವನನ್ನಲ್ಲ, ಬಾಗಿಲನ್ನು.

"ನಾವು ಮನೆಗೆ ಬಂದಿದ್ದಷ್ಟೇ," ಎಂದಳು. "ಹಾಲಿಗೆ ಸಕ್ಕರೆ ಹೆಚ್ಚಾಯ್ತು ಅಂತ..."

ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಹೊಸ್ತಿಲಿಗೆ ಅಮ್ಮಣಿ ಬಂದು ನಿಂತಳು. ಅದೇ ಪುಟ್ಟ ಲಂಗ, ಅದೇ ಜಡೆ. ಹುಬ್ಬು ಮಾತ್ರ ಅವನದು. ಬಿಗಿದ ದವಡೆ ಅವನದು. ಎಡಗೈಯ ಬಟ್ಟೆ ಕಂದಿ ಕಪ್ಪಾಗಿತ್ತು, ಅದರಿಂದ ಗಂಧಕದ ನಾತ ಬರುತ್ತಿತ್ತು.

"ಒಳಗೆ ಬಾ ಅಂದೆನಲ್ಲ," ಎಂದಳು ಮಗಳು. "ಎಷ್ಟು ಸಲ ಹೇಳಬೇಕು ನಿನಗೆ?"

ಬೈದ್ಯರು ಸಂಜೆ ಬಂದವರು ಮಗುವಿನ ಹಣೆ ಮುಟ್ಟಿ ಕೈ ಹಿಂದೆಳೆದುಕೊಂಡರು. ಜಗಲಿಯಲ್ಲಿ ತಲೆ ಹಿಡಿದು ಕೂತರು. ಚಿತ್ತರಂಜನ ಅವರ ಕಾಲು ಹಿಡಿದ. ಮತ್ತೆ ಮೂಸೆ ಕಟ್ಟಿ, ನನ್ನೊಳಗೇ ವಾಪಸು ಹಾಕಿ ಎಂದು ಅತ್ತ.

"ಒಡೆದದ್ದನ್ನು ಪುನಃ ಕಟ್ಟಲಿಕ್ಕೆ ಆಗುವುದಿಲ್ಲ," ಎಂದರು ಬೈದ್ಯರು. "ಈಗ ಮೂಸೆ ಅವಳೇ. ಬೈಯಬೇಡಿ, ಹೊಡೆಯಬೇಡಿ, ನೀರು ಹೊಯ್ಯಬೇಡಿ. ಹತ್ತಿರ ಕೂತುಕೊಳ್ಳಿ. ತಾನಾಗಿ ತಣಿಯಬೇಕು."

"ಎಷ್ಟು ದಿನ?"

"ನಿಮಗೆ ಪ್ರಾಯ ಎಷ್ಟು?"

"ಮೂವತ್ತೆಂಟು."

ಬೈದ್ಯರು ಜಗಲಿಯಿಂದ ಎದ್ದರು. ಕೊಡೆ ಎತ್ತಿಕೊಂಡು ಇಳಿದು ಹೋದರು.

ಮರುದಿನ ಏಳನೆಯ ದಿನ. ಜಯ ಟ್ರಂಕಿನ ಸೀರೆಗಳನ್ನು ಒಂದೊಂದಾಗಿ ತೆಗೆದು ಗಳುವಿಗೆ ಹಾಕಿದಳು. ಹೀಗಾದ ಮಗಳನ್ನು ಎಲ್ಲಿಗೆಂದು ಕರೆದುಕೊಂಡು ಹೋಗುವುದು? ಹಾಲು ಕಾಯಿಸಿ ಲೋಟಕ್ಕೆ ಬಗ್ಗಿಸಿ ಮಗಳ ಮುಂದಿಟ್ಟಳು, ಇಟ್ಟವಳು ಗೋಡೆಗೆ ಒರಗಿ ನಿಂತಳು. ಅಮ್ಮಣಿ ಒಂದು ಗುಟುಕು ಕುಡಿದಳು. ಹುಬ್ಬು ಗಂಟಿಕ್ಕಿತು. ಲೋಟ ಹಿಡಿದ ಕೈ ಮೇಲೇರಿತು.

ಚಿತ್ತರಂಜನನಿಗೆ ಸಿಟ್ಟು ಬರಲಿಲ್ಲ. ಎದ್ದು ಹೋಗಿ ಮಗಳಿಗೂ ಜಯಳಿಗೂ ನಡುವೆ ಮಣೆ ಹಾಕಿಕೊಂಡು ಕೂತ. ಅಂಗಿಯ ಎಡತೋಳು ಮಡಿಸಿ, ಬರಿಗೈಯನ್ನು ಲೋಟದ ಮುಂದೆ ಚಾಚಿದ.